ಇಂಧನಕೋಶದಲ್ಲಿ ಪ್ಲಾಟಿನಂ ಕಣಗಳು

ಇಂಧನವನ್ನು ಉರಿಸಿ, ಹಬೆ ಮಾಡಿ, ಯಂತ್ರವನ್ನು ತಿರುಗಿಸಿ ವಿದ್ಯುಚ್ಛಕ್ತಿಯನ್ನು ಪಡೆಯುವುದು ರೂಢಿಯ ಮಾರ್ಗ. ಉರಿಸದೆಯೇ ಇಂಧನದಿಂದ ನೇರವಾಗಿ ವಿದ್ಯುತ್ತನ್ನು ಕೊಡುವ ಸಾಧನಕ್ಕೆ ಇಂಧನಕೋಶವೆಂದು ಹೆಸರು. ಇದರ ತತ್ತ್ವವನ್ನು 1839ರ ಸುಮಾರಿನಲ್ಲಿ ತೋರಿಸಿದವನು ವೇಲ್ಸಿನ ವಿಲಿಯಂ ಗ್ರೋವ್. ಆತ ವೃತ್ತಿಯಿಂದ ವಕೀಲ. ಮುಂದೆ ನ್ಯಾಯಾಧೀಶನೂ ಆದ. ಆದ್ದರಿಂದ ಕಲಾವಿಭಾಗದ ವಿದ್ಯಾರ್ಥಿಯೊಬ್ಬ ಈ ವಿಷಯವಾಗಿ ನಾಲ್ಕು ಮಾತು ಬರೆದರೆ ವಾಚಕರು ಆಕ್ಷೇಪಿಸಲಾರರೆಂದು ನಂಬಿದ್ದೇನೆ.

ಇಂದು ವಾಹನಗಳಲ್ಲಿ ಬಳಸುವ ಕೋಶದಲ್ಲಿ ಎರಡು ವಿದ್ಯುದ್ವಾರಗಳು, ನಡುವೆ ತೆಳುವಾದ ಪೊರೆ. ಒಂದು ಕಡೆಗೆ ಜಲಜನಕವನ್ನು, ಇನ್ನೊಂದು ಕಡೆಗೆ ಗಾಳಿಯನ್ನು ಹಾಯಿಸುತ್ತಾರೆ. ಜಲಜನಕವು ಪ್ರೋಟಾನು, ಎಲೆಕ್ಟ್ರಾನುಗಳಾಗಿ ಒಡೆಯುತ್ತದೆ. ಪ್ರೋಟಾನು ಪೊರೆಯನ್ನು ದಾಟುತ್ತದೆ. ಎಲೆಕ್ಟ್ರಾನಿಗೆ ಆ ದಾರಿಯಿಲ್ಲ, ತಂತಿಯಲ್ಲಿ ಸುತ್ತಿ ಬರಬೇಕು. ಆ ಸುತ್ತೇ ವಿದ್ಯುತ್ಪ್ರವಾಹ. ಕೊನೆಗೆ ಎರಡೂ ಆಮ್ಲಜನಕದೊಡನೆ ಕೂಡಿ ನೀರಾಗುತ್ತವೆ. ಆದರೆ ಆಮ್ಲಜನಕದ ಕಡೆಯ ಕ್ರಿಯೆ ತಾನಾಗಿ ಬಹು ನಿಧಾನ. ಅದನ್ನು ಚುರುಕುಗೊಳಿಸಲು ಪ್ಲಾಟಿನಂ ಬೇಕು. ಅದೋ ದುರ್ಲಭವಾದ, ದುಬಾರಿಯಾದ ಲೋಹ.

ಕ್ರಿಯೆ ನಡೆಯುವುದು ಲೋಹದ ಮೇಲ್ಮೈಯಲ್ಲಿ ಮಾತ್ರ. ಒಳಗಿನ ಪರಮಾಣುಗಳಿಗೆ ಕೆಲಸವೇ ಇಲ್ಲ. ಬೆಲ್ಲದ ಅಚ್ಚಿಗಿಂತ ಪುಡಿಬೆಲ್ಲ ಬೇಗ ಕರಗುವುದೂ ಮೇಲ್ಮೈ ಹೆಚ್ಚುವುದರಿಂದಲೇ. ಒಂದು ಸೆಂಟಿಮೀಟರ್ ಅಂಚಿನ ಪ್ಲಾಟಿನಂ ಘನವು ಸುಮಾರು 21 ಗ್ರಾಂ ತೂಗುತ್ತದೆ; ಅದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಮಿಲಿಮೀಟರ್ ಘನಗಳಾಗಿ ಕತ್ತರಿಸಿದರೆ 60. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೋಮೀಟರ್. ಅಂಥ 3 ನ್ಯಾನೋಮೀಟರ್ ಅಂಚಿನ ಕಣಗಳನ್ನಾಗಿ ಮಾಡಿದರೆ ಮೇಲ್ಮೈ 2000 ಚದರ ಮೀಟರ್, ಎಂದರೆ ಸುಮಾರು 20 ಗುಂಟೆ! ಅಂಗೈಯಲ್ಲಿ ಹಿಡಿಯುವ ಲೋಹ ಅರ್ಧ ಎಕರೆ ಹೊಲವಾಯಿತು.

ಈ ಕಣಗಳನ್ನು ಇಂಗಾಲದ ಪುಡಿಯ ಮೇಲೆ ಕೂರಿಸಿ, ಪೊರೆಯ ದ್ರವ್ಯದೊಡನೆ ಬೆರೆಸಿ ವಿದ್ಯುದ್ವಾರಕ್ಕೆ ಲೇಪಿಸುತ್ತಾರೆ. ಇಂಗಾಲವು ಎಲೆಕ್ಟ್ರಾನಿಗೆ, ಪೊರೆಯ ದ್ರವ್ಯವು ಪ್ರೋಟಾನಿಗೆ, ಸಣ್ಣ ರಂಧ್ರಗಳು ಅನಿಲಕ್ಕೆ ದಾರಿ. ಮೂರೂ ಕೂಡುವೆಡೆಯಲ್ಲಿ ಕಣವಿಲ್ಲದಿದ್ದರೆ ಅದು ವ್ಯರ್ಥ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದವರು 1980ರ ದಶಕದಲ್ಲಿ ಇದೇ ಉಪಾಯದಿಂದ, ಚದರ ಸೆಂಟಿಮೀಟರಿಗೆ ಸುಮಾರು 4 ಮಿಲಿಗ್ರಾಂ ಬೇಕಾಗಿದ್ದ ಪ್ಲಾಟಿನಂ ಅನ್ನು 0.4ಕ್ಕೆ ಇಳಿಸಿದರು.

ಹಾಗಾದರೆ ಕಣವನ್ನು ಇನ್ನೂ ಕಿರಿದುಮಾಡಬಾರದೇಕೆ? ಕಣ ಕಿರಿದಾದಷ್ಟೂ ಅದು ಅಸ್ಥಿರ. ಬಳಕೆಯಲ್ಲಿ ಸಣ್ಣ ಕಣಗಳು ಕರಗಿ ದೊಡ್ಡ ಕಣಗಳನ್ನು ಸೇರುತ್ತವೆ; ಆಧಾರದ ಇಂಗಾಲವೂ ಸವೆಯುತ್ತದೆ. ಗಳಿಸಿದ ಮೇಲ್ಮೈ ಹೀಗೆ ಕೈಬಿಟ್ಟುಹೋಗುತ್ತದೆ. ಪ್ಲಾಟಿನಂಗೆ ಕೋಬಾಲ್ಟ್ ಬೆರೆಸಿದರೆ ಅಷ್ಟೇ ಪ್ಲಾಟಿನಂ ಹೆಚ್ಚು ಕೆಲಸ ಮಾಡುತ್ತದೆ. 2014ರಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಮಿರಾಯ್ ಕಾರಿನಲ್ಲಿ ಅಂಥ ಮಿಶ್ರಲೋಹವನ್ನೇ ಬಳಸಿದರು.

ಮೇಲ್ಮೈಯ ಲೆಕ್ಕ ಒಂದು, ಬಾಳಿಕೆಯ ಲೆಕ್ಕ ಇನ್ನೊಂದು. ಹೊಗೆಯಿಲ್ಲದ ಬಸ್ಸು ನಮ್ಮ ಹಳ್ಳಿಯ ರಸ್ತೆಗೂ ಬರಬೇಕಾದರೆ ಈ ಎರಡು ಲೆಕ್ಕಗಳೂ ಒಟ್ಟಿಗೆ ಹೊಂದಬೇಕು.