ಮರ ತೆಗೆಸುವ ಮುನ್ನ: ಕೊಟೇಶನ್‌ನಲ್ಲಿ ಬರೆಯದ ಖರ್ಚು ಯಾರ ತಲೆಗೆ?

ಎನ್‌ಆರ್‌ಇ ಠೇವಣಿ, ಗ್ರಾಚ್ಯುಟಿ, ಮ್ಯೂಚುವಲ್ ಫಂಡ್ ಎಂದು ಬರೆಯುತ್ತಿದ್ದ ನಾನು ಈ ಸಲ ಮರ ತೆಗೆಸುವ ವಿಷಯ ಎತ್ತಿಕೊಂಡಿದ್ದೇನೆ. ದುಬೈ, ಅಬುಧಾಬಿಯಲ್ಲಿ ಅಪಾರ್ಟ್‌ಮೆಂಟ್ ಬಿಟ್ಟು ವಿಲ್ಲಾಕ್ಕೆ ಹೋದ ಸ್ನೇಹಿತರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಅಂಗಳದ ಖರ್ಜೂರದ ಮರ ವಾಲಿದೆ, ತೆಗೆಸಲು ಎಷ್ಟು ಕೊಡಬಹುದು?"

ನಾನು ತಿರುಗಿ ಕೇಳುವುದು ಒಂದೇ ಮಾತು: ಕೆಲಸದ ನಡುವೆ ಏನಾದರೂ ಆದರೆ ಹಣ ಕೊಡುವವರು ಯಾರು? ಮರ ತೆಗೆಯುವ ಬೆಲೆಯಲ್ಲಿ ಎರಡು ಭಾಗ ಇರುತ್ತದೆ. ಒಂದು ದುಡಿಮೆಯ ಬೆಲೆ. ಇನ್ನೊಂದು ರಿಸ್ಕ್ ಹೊರುವ ಬೆಲೆ. ಅಗ್ಗದ ಕೊಟೇಶನ್‌ನಲ್ಲಿ ಸಾಮಾನ್ಯವಾಗಿ ಎರಡನೆಯ ಭಾಗ ಇರುವುದಿಲ್ಲ. ಅಂದರೆ ಆ ರಿಸ್ಕ್ ನಿಮ್ಮ ಬಳಿಯೇ ಉಳಿಯಿತು ಎಂದರ್ಥ. ಈ ಲೇಖನದ ತಿರುಳು ಇಷ್ಟೇ. ಉಳಿದದ್ದು ಅದನ್ನು ಲೆಕ್ಕ ಹಾಕುವ ಬಗೆ.

ಮೊದಲು ಮರ ಯಾವುದು ಎಂದು ತಿಳಿಯಿರಿ

ಇಲ್ಲಿನ ವಿಲ್ಲಾಗಳಲ್ಲಿ ನಾನು ಹೆಚ್ಚಾಗಿ ನೋಡುವುದು ಮೂರು ಮರಗಳನ್ನು. ಮೂರರ ಲೆಕ್ಕವೂ ಬೇರೆ.

ಖರ್ಜೂರ: ಇದರ ದೊಡ್ಡ ಶತ್ರು ಕೆಂಪು ಮೂತಿ ಹುಳು. ನಮ್ಮ ತೆಂಗಿನ ತೋಟದವರಿಗೆ ಇದು ಹಳೆಯ ಪರಿಚಯ. ಯುಎಇಗೆ ಇದು 1980ರ ದಶಕದಲ್ಲಿ ಬಂತು. ಮರಿಹುಳು ಕಾಂಡದೊಳಗೆ ಕೊರೆಯುತ್ತಾ ಹೋಗುತ್ತದೆ, ಹೊರಗೆ ಮರ ಹಸಿರಾಗಿಯೇ ಕಾಣುತ್ತದೆ. ಕಾಂಡದಿಂದ ಕಂದು ಬಣ್ಣದ ರಸ ಸೋರುವುದು, ಹುಳಿತ ವಾಸನೆ, ರಂಧ್ರದ ಬಾಯಲ್ಲಿ ಅಗಿದ ನಾರಿನ ಪುಡಿ, ನಡುವಿನ ಸುಳಿ ವಾಲುವುದು, ಇವು ಲಕ್ಷಣಗಳು. ಆರಂಭದಲ್ಲೇ ಗೊತ್ತಾದರೆ ಔಷಧಿಯಿಂದ ಮರ ಉಳಿಯಬಹುದು. ಚಿಕಿತ್ಸೆಯ ಖರ್ಚನ್ನು ಕೇಳದೆ ತೆಗೆಯುವ ಖರ್ಚು ಒಪ್ಪಬೇಡಿ. ಒಳಗೆ ಪೊಳ್ಳಾಗಿದ್ದರೆ ಅದನ್ನು ಯಾರೂ ಹತ್ತಬಾರದು, ಲಿಫ್ಟ್ ಅಥವಾ ಕ್ರೇನ್ ಬೇಕು. ಕಾಂಡವನ್ನು ಪರೀಕ್ಷಿಸದೆ "ಹುಡುಗ ಹತ್ತಿ ಕಡಿಯುತ್ತಾನೆ" ಎನ್ನುವವರನ್ನು ಅಲ್ಲೇ ಬಿಟ್ಟುಬಿಡಿ.

ಆರೋಗ್ಯವಾಗಿರುವ ಖರ್ಜೂರದ ಮರಕ್ಕೆ ಇನ್ನೊಂದು ಮುಖವಿದೆ. ಬೆಳೆದ ಮರವನ್ನೂ ಬೇರುಸಹಿತ ಎಬ್ಬಿಸಿ ಬೇರೆಡೆ ನೆಡಬಹುದು, ಲ್ಯಾಂಡ್‌ಸ್ಕೇಪಿಂಗ್ ಕಂಪನಿಗಳು ಅಂಥ ಮರಗಳನ್ನು ಕೊಂಡು ಮಾರುತ್ತವೆ. ಆದ್ದರಿಂದ ನಿಮಗೆ ಜಾಗ ಮಾತ್ರ ಬೇಕಿದ್ದರೆ "ತೆಗೆಯಲು ಎಷ್ಟು?" ಎನ್ನುವ ಬದಲು "ಮರ ನೀವೇ ಇಟ್ಟುಕೊಂಡರೆ ಎಷ್ಟು ಕಡಿಮೆ ಮಾಡುತ್ತೀರಿ?" ಎಂದು ಕೇಳಿ. ಹುಳು ಹಿಡಿದ ಮರಕ್ಕೆ ಈ ಮಾತು ಅನ್ವಯಿಸದು. ಅದನ್ನು ಸಾಗಿಸಿದರೆ ಹುಳುವೂ ಜೊತೆಗೆ ಹೋಗುತ್ತದೆ. ವಿಲೇವಾರಿ ಹೇಗೆ ಎಂಬುದನ್ನು ಅಬುಧಾಬಿಯಲ್ಲಿ ಅಲ್ಲಿನ ಕೃಷಿ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ, ದುಬೈನಲ್ಲಿ ಮುನಿಸಿಪಾಲಿಟಿಯಲ್ಲಿ ವಿಚಾರಿಸಿ.

ಡಮಾಸ್: ಕಾಂಪೌಂಡ್ ಬದಿಗೆ ಬೇಲಿಯಂತೆ ಬೆಳೆಸುವ ಮರ. ಬೇಗ ಬೆಳೆಯುತ್ತದೆ, ನೆರಳೂ ಕೊಡುತ್ತದೆ. ಆದರೆ ನೀರು ಹುಡುಕಿಕೊಂಡು ಬೇರು ಚರಂಡಿ ಪೈಪಿನೊಳಗೆ ನುಗ್ಗುತ್ತದೆ, ಗೋಡೆ ಎತ್ತುತ್ತದೆ. ಮೇಲೆ ಕಡಿದು ಬಿಟ್ಟರೆ ಬುಡದಿಂದ ಮತ್ತೆ ಚಿಗುರುತ್ತದೆ. ಆದ್ದರಿಂದ ಡಮಾಸ್‌ಗೆ "ಬುಡ ತೆಗೆಯುವುದು ಸೇರಿದೆಯೇ?" ಎಂಬ ಒಂದು ಸಾಲು ಕೊಟೇಶನ್‌ನಲ್ಲಿ ಇರಲೇಬೇಕು. ಇಲ್ಲದಿದ್ದರೆ ಮುಂದಿನ ವರ್ಷ ಅದೇ ಕೆಲಸಕ್ಕೆ ಮತ್ತೊಮ್ಮೆ ದುಡ್ಡು.

ಘಾಫ್: ಇದು ಯುಎಇಯ ರಾಷ್ಟ್ರೀಯ ವೃಕ್ಷ. 2019ರ ಸಹಿಷ್ಣುತೆಯ ವರ್ಷದ ಲಾಂಛನವೂ ಇದೇ ಆಗಿತ್ತು. ಇದು ಬೇರೆ ಯಾವುದೂ ಅಲ್ಲ, ವಿಜಯದಶಮಿಯಂದು ಎಲೆಯನ್ನು ಬಂಗಾರವೆಂದು ಹಂಚುವ ನಮ್ಮ ಬನ್ನಿ ಮರ. ಅಂಗಳದಲ್ಲಿ ಘಾಫ್ ಇದ್ದರೆ ಕಂಪನಿ ಹುಡುಕುವುದಕ್ಕೂ ಮೊದಲು ಸ್ಥಳೀಯ ಆಡಳಿತವನ್ನು ಕೇಳಿ. ಲಿಖಿತ ಅನುಮತಿ ಇಲ್ಲದೆ ಕೊಂಬೆಯನ್ನೂ ಮುಟ್ಟಿಸಬೇಡಿ.

ಮರ ನಿಮ್ಮ ಅಂಗಳದಲ್ಲಿದೆ, ಆದರೆ ನಿಮ್ಮದೇ?

ನಮ್ಮಲ್ಲಿ ಹೆಚ್ಚಿನವರು ಬಾಡಿಗೆದಾರರು. ದುಬೈನ 2007ರ 26ನೇ ಕಾನೂನಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಬಾಡಿಗೆ ಅವಧಿಯಲ್ಲಿ ನಿರ್ವಹಣೆಯ ಹೊಣೆ ಮಾಲೀಕರದು. ಅದೇ ಕಾನೂನಿನಂತೆ ಮಾಲೀಕರ ಒಪ್ಪಿಗೆ ಇಲ್ಲದೆ ಬಾಡಿಗೆದಾರ ಆಸ್ತಿಯಲ್ಲಿ ಬದಲಾವಣೆ ಮಾಡುವಂತಿಲ್ಲ. ಎರಡನ್ನೂ ಸೇರಿಸಿ ಓದಿ: ಅಪಾಯದ ಮರದ ಖರ್ಚು ಮಾಲೀಕರದಾಗಿರಬಹುದು, ಆದರೆ ಕೇಳದೆ ತೆಗೆಸಿದರೆ ಡೆಪಾಸಿಟ್ ಕಡಿತವಾಗುವುದು ನಿಮ್ಮದು. "ಗಾರ್ಡನ್ ನಿರ್ವಹಣೆ ಬಾಡಿಗೆದಾರರದು" ಎಂಬ ಸಾಲು ನಿಮ್ಮ ಒಪ್ಪಂದದಲ್ಲಿ ಇದೆಯೇ ನೋಡಿ. ಇದ್ದರೂ, ನೀರು ಹಾಕಿ ಸವರುವುದು ಬೇರೆ, ಇಡೀ ಮರ ತೆಗೆಯುವುದು ಬೇರೆ ಎಂದು ಈಗಲೇ ಇಮೇಲ್‌ನಲ್ಲಿ ಸ್ಪಷ್ಟಪಡಿಸಿಕೊಳ್ಳಿ. ಫೋಟೋ ಲಗತ್ತಿಸಿ. ಜಗಳ ದುಬೈನ ಬಾಡಿಗೆ ವ್ಯಾಜ್ಯ ಕೇಂದ್ರಕ್ಕೆ ಹೋದರೆ ಶುಲ್ಕವೇ ವಾರ್ಷಿಕ ಬಾಡಿಗೆಯ 3.5%. ಒಂದು ಇಮೇಲ್‌ಗೆ ಖರ್ಚಿಲ್ಲ.

ಸ್ವಂತ ವಿಲ್ಲಾ ಆದರೂ ಸಮುದಾಯದ ನಿರ್ವಹಣಾ ಕಚೇರಿಯ ಎನ್‌ಒಸಿ ಬೇಕೇ ಎಂದು ಕೇಳಿ. ಅರೇಬಿಯನ್ ರಾಂಚಸ್, ಸ್ಪ್ರಿಂಗ್ಸ್‌ನಂಥ ಗೇಟ್ ಇರುವ ಸಮುದಾಯಗಳಲ್ಲಿ ಗುತ್ತಿಗೆದಾರರ ವಾಹನ ಒಳಗೆ ಬರಲೂ ಕಾಗದ ಬೇಕಾಗುತ್ತದೆ. ಅದೇ ಕಚೇರಿಯಲ್ಲಿ ನೆಲದಡಿಯ ನೀರು, ವಿದ್ಯುತ್, ಇಂಟರ್‌ನೆಟ್ ಲೈನ್‌ಗಳು ಎಲ್ಲಿ ಹಾದುಹೋಗಿವೆ ಎಂದೂ ಕೇಳಿ. ಬುಡ ಅಗೆಯುವಾಗ ಕೇಬಲ್ ಕತ್ತರಿಸಿದರೆ ಬಿಲ್ ಮರದ್ದಕ್ಕಿಂತ ದೊಡ್ಡದಾಗಬಹುದು.

ಅಗ್ಗದ ಕೊಟೇಶನ್‌ನ ನಿಜವಾದ ಬೆಲೆ

ಒಂದು ಲೆಕ್ಕ ಮಾಡೋಣ. ಇಲ್ಲಿನ ಎರಡು ದರಗಳು ಉದಾಹರಣೆಗಾಗಿ ಇಟ್ಟುಕೊಂಡವು, ಮಾರುಕಟ್ಟೆ ದರವಲ್ಲ. ಬೀದಿಯಲ್ಲಿ ಸಿಕ್ಕ ಮಾಲಿ 600 ದಿರ್ಹಂಗೆ, ನಗದಾಗಿ, ನಾಳೆಯೇ ಮಾಡುತ್ತೇನೆ ಎನ್ನುತ್ತಾನೆ. ಲೈಸೆನ್ಸ್ ಇರುವ ಕಂಪನಿ 2,800 ದಿರ್ಹಂ ಕೇಳುತ್ತದೆ. ವ್ಯತ್ಯಾಸ 2,200.

ಈಗ ಇನ್ನೊಂದು ಬದಿ. ಕೆಲಸದ ಪರವಾನಗಿ ಇಲ್ಲದವರನ್ನು ದುಡಿಸಿಕೊಳ್ಳುವ ಉದ್ಯೋಗದಾತರಿಗೆ ಯುಎಇ 2024ರ ಆಗಸ್ಟ್‌ನಲ್ಲಿ ದಂಡವನ್ನು 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ಏರಿಸಿತು. ಕಂಪನಿಯ ಕೆಲಸಗಾರ ಬಿದ್ದರೆ ಚಿಕಿತ್ಸೆ, ಪರಿಹಾರ ಕಂಪನಿಯ ಹೊಣೆ. ಕೆಲಸದಲ್ಲಿ ಸಾವು ಸಂಭವಿಸಿದರೆ 24 ತಿಂಗಳ ಮೂಲ ವೇತನ, ಕನಿಷ್ಠ 18,000, ಗರಿಷ್ಠ 2 ಲಕ್ಷ ದಿರ್ಹಂ ಪರಿಹಾರ ಎಂದು ಕಾರ್ಮಿಕ ನಿಯಮ ಹೇಳುತ್ತದೆ. ನೀವೇ ನೇರವಾಗಿ ಕರೆದು, ನೀವೇ ಕೂಲಿ ಕೊಟ್ಟ ವ್ಯಕ್ತಿ ಬಿದ್ದರೆ "ಉದ್ಯೋಗದಾತ ಯಾರು?" ಎಂಬ ಪ್ರಶ್ನೆ ನಿಮ್ಮ ಕಡೆಗೇ ತಿರುಗಬಹುದು.

1 ಲಕ್ಷ ದಿರ್ಹಂ ನಷ್ಟದ ಎದುರು 2,200ರ ಉಳಿತಾಯ ಇಟ್ಟರೆ ಸಮಬಿಂದು 2.2%. ಅಂದರೆ ನೂರರಲ್ಲಿ ಸುಮಾರು ಎರಡು ಸಲ ಅನಾಹುತವಾದರೂ ಅಗ್ಗದ ಆಯ್ಕೆಯ ಲಾಭ ಪೂರ್ತಿ ಕರಗುತ್ತದೆ. ಸಾಧ್ಯತೆ ಅದಕ್ಕಿಂತ ಕಡಿಮೆ ಎಂದು ನೀವು ವಾದಿಸಬಹುದು. ಆದರೆ ನಾವು ಟರ್ಮ್ ಇನ್ಶೂರೆನ್ಸ್ ಕೊಳ್ಳುವುದು ಸರಾಸರಿಯ ಲೆಕ್ಕದ ಮೇಲೆ ಅಲ್ಲ. ಒಂದೇ ಘಟನೆ ಹತ್ತು ವರ್ಷದ ಉಳಿತಾಯ ನುಂಗಬಾರದು ಎಂದು ಕೊಳ್ಳುತ್ತೇವೆ. ಇಲ್ಲೂ ಅದೇ ತರ್ಕ. ಹಣದ ಆಚೆಗೆ ಇನ್ನೊಂದು ಮಾತಿದೆ. ಆ ಮರ ಹತ್ತುವ ಹುಡುಗನೂ ನಮ್ಮಂತೆ ಊರಿಗೆ ಹಣ ಕಳಿಸಲು ಬಂದವನು. ಅವನಿಗೆ ಹಗ್ಗ, ಹೆಲ್ಮೆಟ್, ಇನ್ಶೂರೆನ್ಸ್ ಇಲ್ಲದ್ದರಿಂದಲೇ ನಮ್ಮ 2,200 ಉಳಿಯುತ್ತದೆ ಎಂದಾದರೆ ಅದನ್ನು ಉಳಿತಾಯ ಎನ್ನಲು ನನಗೆ ಮನಸ್ಸಿಲ್ಲ.

ಕಂಪನಿಗೆ ಕೇಳಬೇಕಾದ ಆರು ಪ್ರಶ್ನೆ

1. ಟ್ರೇಡ್ ಲೈಸೆನ್ಸ್ ಪ್ರತಿ ಕೊಡಿ. ಅದರಲ್ಲಿ ಲ್ಯಾಂಡ್‌ಸ್ಕೇಪಿಂಗ್ ಅಥವಾ ಕೃಷಿ ಸೇವೆಯಂಥ ಚಟುವಟಿಕೆ ಇರಬೇಕು, ಅವಧಿ ಮುಗಿದಿರಬಾರದು. ಸಾಮಾನ್ಯ ಕ್ಲೀನಿಂಗ್ ಲೈಸೆನ್ಸ್ ಸಾಲದು. ಲೈಸೆನ್ಸ್ ನಿಜವೇ ಎಂದು ರಾಷ್ಟ್ರೀಯ ಆರ್ಥಿಕ ನೋಂದಣಿಯ ಆನ್‌ಲೈನ್ ಪುಟದಲ್ಲಿ ನೋಡಬಹುದು.

2. ಥರ್ಡ್ ಪಾರ್ಟಿ ಲಯಬಿಲಿಟಿ ಮತ್ತು ಕಾರ್ಮಿಕರ ಪರಿಹಾರದ ಇನ್ಶೂರೆನ್ಸ್ ಪತ್ರ ಕೊಡಿ. ದಿನಾಂಕ ಮತ್ತು ಮೊತ್ತ ಎರಡನ್ನೂ ಓದಿ. ಪಕ್ಕದ ಮನೆಯವರ ಕಾರಿನ ಮೇಲೆ ಕಾಂಡ ಬಿದ್ದರೆ ಕೆಲಸಕ್ಕೆ ಬರುವ ಕಾಗದ ಇದು. ನಿಮ್ಮ ಹೋಮ್ ಇನ್ಶೂರೆನ್ಸ್ ಇದ್ದರೆ ಅದರ ಹೊರಗಿಟ್ಟ ಅಂಶಗಳ ಪುಟವನ್ನೂ ಒಮ್ಮೆ ಓದಿ.

3. ಹೇಗೆ ತೆಗೆಯುತ್ತೀರಿ? ಲಿಫ್ಟ್ ಬರುತ್ತದೆಯೇ, ತುಂಡು ತುಂಡಾಗಿ ಹಗ್ಗದಲ್ಲಿ ಇಳಿಸುತ್ತೀರಾ? ಮರ ನೋಡದೆ ವಾಟ್ಸ್ಯಾಪ್ ಫೋಟೋದಲ್ಲೇ ಅಂತಿಮ ದರ ಹೇಳುವವರು ಸ್ಥಳಕ್ಕೆ ಬಂದ ಮೇಲೆ ದರ ಏರಿಸುವ ಸಾಧ್ಯತೆ ಹೆಚ್ಚು.

4. ದರದಲ್ಲಿ ಏನೇನು ಸೇರಿದೆ? ಬುಡ, ಬೇರು, ಕಸ ಸಾಗಣೆ, ಗುಂಡಿ ಮುಚ್ಚುವುದು, ಕಿತ್ತ ಇಂಟರ್‌ಲಾಕ್ ಮರುಜೋಡಣೆ ಎಲ್ಲವೂ ಬೇರೆ ಬೇರೆ ಸಾಲಿನಲ್ಲಿರಲಿ. ಆಗಲೇ ಎರಡು ಕೊಟೇಶನ್ ಹೋಲಿಸಲು ಸಾಧ್ಯ.

5. ವ್ಯಾಟ್ ಸೇರಿದೆಯೇ? 5% ವ್ಯಾಟ್ ಹಾಕಿದರೆ ಬಿಲ್‌ನಲ್ಲಿ 15 ಅಂಕಿಯ ಟಿಆರ್‌ಎನ್ ಇರಬೇಕು. ವಾರ್ಷಿಕ ವಹಿವಾಟು 3,75,000 ದಿರ್ಹಂ ಮೀರದ ಚಿಕ್ಕ ಕಂಪನಿಗೆ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದವರು ವ್ಯಾಟ್ ವಸೂಲಿ ಮಾಡುವಂತೆಯೂ ಇಲ್ಲ.

6. ಪಾವತಿ ಹೇಗೆ? ಪೂರ್ತಿ ಅಡ್ವಾನ್ಸ್ ಬೇಡ. ಸಣ್ಣ ಮೊತ್ತ ಮೊದಲು, ಉಳಿದದ್ದು ಕಸ ಸಾಗಿಸಿದ ಮೇಲೆ. ಕಾರ್ಡ್ ಅಥವಾ ಬ್ಯಾಂಕ್ ಮೂಲಕ, ಲೈಸೆನ್ಸ್‌ನಲ್ಲಿರುವ ಹೆಸರಿನ ಖಾತೆಗೇ ಕೊಡಿ.

ಸಮಯದ ಬಗ್ಗೆ ಒಂದು ಮಾತು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ನೇರ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ, ಹಾಗಾಗಿ ಬೇಸಿಗೆಯಲ್ಲಿ ಒಂದು ದಿನದ ಕೆಲಸ ಎರಡು ದಿನ ಆಗಬಹುದು. ತುರ್ತು ಇಲ್ಲದಿದ್ದರೆ ಚಳಿಗಾಲಕ್ಕೆ ಇಟ್ಟುಕೊಳ್ಳಿ. ಆದರೆ ವಾಲಿದ ಮರವನ್ನು ಮಳೆ ಬರುವವರೆಗೆ ಬಿಡಬೇಡಿ. 2024ರ ಏಪ್ರಿಲ್ 16ರ ಮಳೆ ನೆನಪಿದೆಯಲ್ಲ? ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ ಒಂದು ದಿನದೊಳಗೆ 254 ಮಿಲಿಮೀಟರ್ ಸುರಿಯಿತು, 1949ರಲ್ಲಿ ದಾಖಲೆ ಆರಂಭವಾದ ಮೇಲೆ ಅತಿ ಹೆಚ್ಚು. ಅಂಥ ದಿನದ ಮರುದಿನ ಎಲ್ಲರೂ ಗುತ್ತಿಗೆದಾರರಿಗೇ ಫೋನ್ ಮಾಡುತ್ತಾರೆ. ಆಗ ಚೌಕಾಸಿಗೆ ಜಾಗ ಇರುವುದಿಲ್ಲ.

ಊರಿನ ಮನೆಯ ಮರಕ್ಕೂ ಇದೇ ಪ್ರಶ್ನೆ

ಇಲ್ಲಿ ಅಪಾರ್ಟ್‌ಮೆಂಟ್‌ನಲ್ಲಿದ್ದು ಮರದ ಚಿಂತೆಯೇ ಇಲ್ಲ ಎನ್ನುವವರಿಗೂ ಊರಲ್ಲಿ ಅಪ್ಪ ಅಮ್ಮನ ಮನೆ ಇದೆ, ಹೆಂಚಿನ ಮೇಲೆ ವಾಲಿದ ಮರ ಇದೆ. ಅಲ್ಲಿ ನಾವು ದೂರದಿಂದ ಕೆಲಸ ಮಾಡಿಸುತ್ತೇವೆ, ಆದ್ದರಿಂದ ಹೊಣೆಯ ಪ್ರಶ್ನೆ ಇನ್ನೂ ಗಟ್ಟಿಯಾಗಿ ಕೇಳಬೇಕು.

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಜಾಗದ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ರಬ್ಬರ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಉಳಿದವಕ್ಕೆ ನಗರದಲ್ಲಿ ಪಾಲಿಕೆಯ ಅರಣ್ಯ ವಿಭಾಗ, ಹಳ್ಳಿಯಲ್ಲಿ ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಗಂಧ, ಬೀಟೆ ಇದ್ದರಂತೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಡಲಿ ಎತ್ತಿಸಲೇಬೇಡಿ.

ಊರಲ್ಲಿ ಕೇಳಿಬರುವ ಇನ್ನೊಂದು ಮಾತು: "ಕೂಲಿ ಬೇಡ, ಮರ ನಮಗೆ ಬಿಡಿ." ಇದು ಉಚಿತ ಸೇವೆ ಅಲ್ಲ, ಮಾರಾಟ. ಹಲಸು, ಸಾಗುವಾನಿಯಾದರೆ ದಿಮ್ಮಿಯ ಬೆಲೆ ಕೂಲಿಗಿಂತ ಬಹಳ ಹೆಚ್ಚಿರಬಹುದು. ಸುತ್ತಳತೆ, ಉದ್ದ ಅಳೆಸಿ ಒಬ್ಬ ಮರದ ವ್ಯಾಪಾರಿಯನ್ನಾದರೂ ದರ ಕೇಳಿ, ಆಮೇಲೆ ಕೂಲಿ ಕಳೆಯಿರಿ. ಬಂದ ಹಣ ಎನ್‌ಆರ್‌ಒ ಖಾತೆಗೆ ಹೋಗಲಿ. ಜಾಗ ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿದ್ದರೆ ಎಲ್ಲರ ಒಪ್ಪಿಗೆ ಬರಹದಲ್ಲಿರಲಿ. ಮರದಿಂದ ಶುರುವಾದ ಮುನಿಸು ಪಾಲು ಪಟ್ಟಿಯವರೆಗೆ ಹೋಗುವುದುಂಟು.

ನಿಮ್ಮ ಪರವಾಗಿ ಅರ್ಜಿಗೆ ಸಹಿ ಹಾಕಲು ಯಾರಿಗಾದರೂ ಅಧಿಕಾರ ಕೊಡಬೇಕಿದ್ದರೆ ಪವರ್ ಆಫ್ ಅಟಾರ್ನಿಯನ್ನು ಈ ಒಂದು ಕೆಲಸಕ್ಕೆ ಸೀಮಿತಗೊಳಿಸಿ. ದುಬೈನ ಭಾರತೀಯ ಕಾನ್ಸುಲೇಟ್ ಅಥವಾ ಅಬುಧಾಬಿಯ ರಾಯಭಾರ ಕಚೇರಿಯ ಮೂಲಕ ದೃಢೀಕರಿಸಿ, ಊರಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಿಸಿ. ಒಂದು ಮರಕ್ಕಾಗಿ ಇಡೀ ಆಸ್ತಿಯ ಜನರಲ್ ಪವರ್ ಕೊಡುವ ಅಗತ್ಯವಿಲ್ಲ.

ಹೂಡಿಕೆಯಲ್ಲಿ "ರಿಟರ್ನ್ ಎಷ್ಟು?" ಎನ್ನುವುದಕ್ಕೂ ಮೊದಲು "ರಿಸ್ಕ್ ಯಾರದು?" ಎಂದು ಕೇಳಿ ಎಂದು ಹೇಳುತ್ತಲೇ ಬಂದಿದ್ದೇನೆ. ಮರದ ಕೊಟೇಶನ್ ಕೈಗೆ ಬಂದಾಗಲೂ ಕೊನೆಯ ಸಾಲಿನ ಮೊತ್ತಕ್ಕೆ ಕಣ್ಣು ಹೋಗುವ ಮೊದಲು ಇನ್ಶೂರೆನ್ಸ್ ಪತ್ರ ಜೊತೆಗಿದೆಯೇ ನೋಡಿ. ಅದು ಇದ್ದರೆ ಚೌಕಾಸಿ ಮಾಡಿ. ಇಲ್ಲದಿದ್ದರೆ ದರ ಎಷ್ಟೇ ಇರಲಿ, ಇನ್ನೊಬ್ಬರಿಗೆ ಫೋನ್ ಮಾಡಿ.