ಟ್ಯೂಬಿನ ಲೆಕ್ಕ, ಪಾಲಿಸಿಯ ಲೆಕ್ಕ

ಸೋರಿಯಾಸಿಸ್ ಎಂಬ ಹೆಸರು ಮನೆಗೆ ಬರುವ ಹೊತ್ತಿಗೆ ಕೈಯಲ್ಲಿದ್ದ ದುಡ್ಡು ಸಾಕಷ್ಟು ಕರಗಿರುತ್ತದೆ. ಈ ಅಂಕಣಕಾರ್ತಿಯ ಮಗಳ ನೆತ್ತಿಯಲ್ಲಿ ಬೆಳ್ಳಗೆ ಪದರ ಏಳತೊಡಗಿದಾಗ ಬಂದವರೆಲ್ಲ ಹೊಟ್ಟು ಎಂದರು. ಬಚ್ಚಲ ಗೂಡಿನಲ್ಲಿ ಶಾಂಪೂ ಬಾಟಲಿಗಳು ಸಾಲುಗಟ್ಟಿದವು. ಮೊಣಕೈಗೂ ಬಂದಾಗ ಮೆಡಿಕಲ್ ಶಾಪಿನವರು ‘ಹುಳಕಡ್ಡಿ ಅಕ್ಕಾ’ ಎಂದು ಚೀಟಿ ಕೇಳದೆ ಟ್ಯೂಬ್ ಕೊಟ್ಟರು. ಹಚ್ಚಿದಾಗ ಇಳಿಯಿತು, ಬಿಟ್ಟಾಗ ಇಮ್ಮಡಿಯಾಯಿತು. ಅದರಲ್ಲಿ ಇದ್ದದ್ದು ಬಲವಾದ ಸ್ಟೀರಾಯ್ಡ್. ಇಂಥ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಅಂಗಡಿಯ ಕೌಂಟರಿನಲ್ಲಿ ಆ ಬಿಗಿ ಕಾಣುವುದು ಅಪರೂಪ.

ಚರ್ಮವೈದ್ಯರ ಫೀಸು ಶಾಂಪೂಗಳ ಒಟ್ಟು ಬೆಲೆಗಿಂತ ಕಡಿಮೆಯಿತ್ತು.

ಇದು ಅಂಟುರೋಗವಲ್ಲ. ರೋಗನಿರೋಧಕ ವ್ಯವಸ್ಥೆ ಕೆರಳಿ ಚರ್ಮದ ಕೋಶಗಳು ಬೇಗಬೇಗ ಬೆಳೆಯುವುದರಿಂದ ಬರುವಂಥದ್ದು. ಹತೋಟಿಯಲ್ಲಿಡಬಹುದು, ಬುಡಸಮೇತ ಕೀಳುವ ಔಷಧ ಇನ್ನೂ ಬಂದಿಲ್ಲ. ಮಕ್ಕಳಲ್ಲಿ ಗಂಟಲಿನ ಸ್ಟ್ರೆಪ್ಟೋಕಾಕಸ್ ಸೋಂಕಿನ ಬೆನ್ನಿಗೇ ಮೈತುಂಬ ಹನಿಹನಿಯಾಗಿ ಏಳುವ ಬಗೆಯೊಂದಿದೆ. ಅದು ಎಷ್ಟೋ ಸಲ ಕೆಲವು ವಾರ, ತಿಂಗಳುಗಳಲ್ಲಿ ತಾನಾಗಿ ಇಳಿಯುತ್ತದೆ. ಅದೇ ಹೊತ್ತಿಗೆ ಯಾರಾದರೂ ‘ಖಾತ್ರಿ ವಾಸಿ’ ಪ್ಯಾಕೇಜ್ ಕೊಂಡಿದ್ದರೆ ಕೀರ್ತಿಯೆಲ್ಲ ಪ್ಯಾಕೇಜಿಗೆ! ಮರುವರ್ಷ ಕಲೆ ಮರಳಿದರೆ ಮತ್ತೊಂದು ಕಂತು.

ವೈದ್ಯರು ಕಲಿಸಿದ ಬೆರಳಿನ ಅಳತೆ ಬಿಲ್ಲನ್ನು ಇಳಿಸಿತು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿದಂತೆ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. 30 ಗ್ರಾಂ ಟ್ಯೂಬಿನಲ್ಲಿ ಅಂಥ 60 ಅಳತೆ. ದಿನಕ್ಕೆ ಎರಡು ಬೇಕಾದರೆ ಟ್ಯೂಬ್ ತಿಂಗಳು ಬರುತ್ತದೆ. ಮಾಯಿಶ್ಚರೈಸರ್ ವಿಷಯದಲ್ಲಿ ಮಾತ್ರ ಕೈ ಹಿಡಿಯಬಾರದು. ಸುವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ, ದೊಡ್ಡ ಡಬ್ಬಿ. ಚಂದದ ಬಾಟಲಿಗೆ ಕೊಡುವ ಹೆಚ್ಚುವರಿ ದುಡ್ಡಿಗೆ ಚರ್ಮದ ಮೇಲೆ ಹೆಚ್ಚುವರಿ ಫಲವೇನಿಲ್ಲ.

ಮುಲಾಮಿಗೆ ಬಗ್ಗದಿದ್ದರೆ ಬೆಳಕಿನ ಚಿಕಿತ್ಸೆ: ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ. ಫೀಸಿನ ಜೊತೆಗೆ ಆಟೋ, ತಪ್ಪಿದ ತರಗತಿ, ಅಮ್ಮನ ಅರ್ಧ ದಿನದ ರಜೆಯನ್ನೂ ಕೂಡಿಸಬೇಕು. ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆ ಅಗ್ಗ, ಅದರ ಜೊತೆ ಮಾಡಿಸಲೇಬೇಕಾದ ರಕ್ತಪರೀಕ್ಷೆಗಳು ಅಷ್ಟು ಅಗ್ಗವಲ್ಲ. ಅದರಾಚೆ ಬಯೋಲಾಜಿಕ್ ಇಂಜೆಕ್ಷನ್‌ಗಳು. ಅವುಗಳಲ್ಲೊಂದಾದ ಎಟನರ್ಸೆಪ್ಟ್ ಅನ್ನು 4 ವರ್ಷ ದಾಟಿದ ಮಕ್ಕಳಿಗೆ ಕೊಡಲು ಅಮೆರಿಕ 2016ರಲ್ಲಿ ಒಪ್ಪಿತು. ಮಧ್ಯಮ ವರ್ಗದ ಬಜೆಟ್ ಅಲುಗಾಡುವುದು ಇಲ್ಲಿ.

ವಿಮೆ ಇದೆಯಲ್ಲ ಎನ್ನುವವರು ಪಾಲಿಸಿಯ ಪುಟ ತಿರುವಲಿ. ಸಾಮಾನ್ಯ ಪಾಲಿಸಿಗಳು ಕಾಸು ಕೊಡುವುದು ಆಸ್ಪತ್ರೆಗೆ ದಾಖಲಾದರೆ. ಮುಲಾಮು, ಫೀಸು, ಬೆಳಕಿನ ಚಿಕಿತ್ಸೆ ಬಹುಪಾಲು ಹೊರರೋಗಿ ಖರ್ಚು. ಮೊದಲೇ ಇರುವ ಕಾಯಿಲೆಗೆ ಕಾಯಿಸುವ ಗರಿಷ್ಠ ಅವಧಿಯನ್ನು ವಿಮಾ ಪ್ರಾಧಿಕಾರ 2024ರಲ್ಲಿ 4 ವರ್ಷದಿಂದ 3ಕ್ಕೆ ಇಳಿಸಿದೆ, ಅಷ್ಟು ಸಮಾಧಾನ. ಆದಾಯ ತೆರಿಗೆಯ 80ಡಿಡಿಬಿ ವಿನಾಯಿತಿಯ ಕಾಯಿಲೆ ಪಟ್ಟಿಯಲ್ಲಿ ಸೋರಿಯಾಸಿಸ್ ಇರಲೇ ಇಲ್ಲ. ಕಂಪನಿಯ ಗುಂಪು ವಿಮೆಯಲ್ಲಿ ಹೊರರೋಗಿ ಸೌಲಭ್ಯವಿದ್ದರೆ ಅದೇ ಲಾಭ. ಎಚ್‌ಆರ್‌ನವರನ್ನು ಕೇಳಲು ಸಂಕೋಚ ಬೇಡ.

ಅಂಕಣಕಾರ್ತಿಯ ಮನೆಯಲ್ಲಿ ಇದಕ್ಕೆಂದೇ ಒಂದು ಆರ್‌ಡಿ ನಡೆಯುತ್ತಿದೆ. ಒಣಹವೆಯ ಚಳಿಗಾಲದಲ್ಲಿ ಕಲೆ ಹೆಚ್ಚುವುದು ಸಾಮಾನ್ಯವಾದ್ದರಿಂದ ಅದರ ಅವಧಿ ಮುಗಿಯುವುದು ನವೆಂಬರಿನಲ್ಲಿ.