ಮನೆಯ ದುರಸ್ತಿ ಕೆಲಸಕ್ಕೆ ಬ್ಲೋಲ್ಯಾಂಪನ್ನು ಆರಿಸುವ ಬಗೆ

ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮದ ಸುತ್ತಲಿನ ಊರುಗಳಲ್ಲಿ ಒಕ್ಕಲುತನದ ಚಿಕ್ಕ ದುರಸ್ತಿಗಳನ್ನು ಮನೆಯಲ್ಲಿಯೇ ಮಾಡಿಕೊಳ್ಳುವವರಿಗೆ ಬ್ಲೋಲ್ಯಾಂಪು ಉಪಯುಕ್ತವಾದ ಸಾಧನವು. ಆದರೆ ಕೊಳ್ಳುವ ಮೊದಲು ಕೆಲಸವಾವುದೆಂಬುದನ್ನು ನಿಶ್ಚಯಿಸತಕ್ಕದ್ದು.

ತವರ-ಸೀಸಗಳ ಬೆಸುಗೆಯು 183 ಡಿಗ್ರಿ ಸೆಂಟಿಗ್ರೇಡಿನಿಂದಲೇ ಕರಗತೊಡಗುವುದರಿಂದ ಸಣ್ಣ ಜ್ವಾಲೆಯು ಸಾಕು. ಹಿತ್ತಾಳೆಯ ಬೆಸುಗೆಗೆ ಸುಮಾರು 900 ಡಿಗ್ರಿ ಬೇಕು. ಅದಕ್ಕೆ ದೊಡ್ಡ ಜ್ವಾಲೆಯೂ ಬಿಳಿಗಾರವೂ ಅವಶ್ಯ. ನೇಗಿಲ ಕುಳದಂಥ ದಪ್ಪ ಕಬ್ಬಿಣಕ್ಕೆ ಕಮ್ಮಾರನ ಕುಲುಮೆಯೇ ಸರಿ.

ಅಪರೂಪದ ಸಣ್ಣ ಕೆಲಸಕ್ಕೆ ಕೂಡಲೇ ಹೊತ್ತುವ ಗ್ಯಾಸಿನ ದೀಪವು ಅನುಕೂಲ. ಸೋರಿದ ಗ್ಯಾಸು ಗಾಳಿಗಿಂತ ಭಾರವಾಗಿ ತಗ್ಗಿನಲ್ಲಿ ಸೇರುವುದರಿಂದ ಅದನ್ನು ನೆಲಮನೆಯಲ್ಲಿ ಇಡಬಾರದು. ಅಡಿಗೆಯ ಸಿಲಿಂಡರನ್ನು ಅದಕ್ಕೆ ಜೋಡಿಸುವುದು ನಿಯಮವಿರುದ್ಧ. ಹೆಚ್ಚು ಹೊತ್ತು ಕಾಯಿಸುವ ಕೆಲಸಕ್ಕೆ ಘಾಸಲೇಟ ಎಣ್ಣೆಯ ದೀಪವು ಯೋಗ್ಯ. ಅದನ್ನು ಮೊದಲು ಸ್ಪಿರಿಟಿನಿಂದ ಕಾಯಿಸಿ, ಬಳಿಕ ಗಾಳಿಯನ್ನು ಒತ್ತಬೇಕು. ತೊಟ್ಟಿಯನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು. ಪೆಟ್ರೋಲನ್ನು ಎಂದಿಗೂ ಹಾಕಕೂಡದು. ಒತ್ತಡ ಬಿಡುವ ತಿರುಪು ಸರಿಯಿರುವುದನ್ನೂ ಬಿಡಿಭಾಗಗಳು ಸಮೀಪದ ಪೇಟೆಯಲ್ಲಿ ದೊರೆಯುವುದನ್ನೂ ನೋಡಿಯೇ ಕೊಳ್ಳತಕ್ಕದ್ದು.

ಎಣ್ಣೆ ತೀರಿದ ಡಬ್ಬಿಗೆ ಜ್ವಾಲೆ ತಗಲಿಸಿದರೆ ಒಳಗುಳಿದ ಆವಿಯು ಸಿಡಿದು ಪ್ರಾಣಹಾನಿಯಾದೀತು. ಕುಡಿಯುವ ನೀರಿನ ಪಾತ್ರೆಗೆ ಸೀಸದ ಬೆಸುಗೆಯು ಸಲ್ಲದು. ಕಣಿಕೆಯ ಬಣವೆಯಿಂದ ದೂರದಲ್ಲಿ, ಮರಳಿನ ಬುಟ್ಟಿಯನ್ನು ಹತ್ತಿರವಿಟ್ಟುಕೊಂಡೇ ಕೆಲಸಮಾಡಬೇಕು. ಒಂದು ಕಿಡಿಯಿಂದ ವರ್ಷದ ಮೇವೆಲ್ಲ ನಾಶವಾಗಬಹುದೆಂಬುದನ್ನು ಗ್ರಾಮದ ಮುಖಂಡರು ಎಲ್ಲರಿಗೂ ತಿಳಿಸತಕ್ಕದ್ದು.